ಶೆಡ್ಡಿನ ಬಿಸಿಗಾಳಿಗೆ ದಾರಿ

ಮಾರ್ಚ್ ಬಂತೆಂದರೆ ಬೆಂಗಳೂರಿನ ಪೀಣ್ಯದಲ್ಲಾಗಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಾಗಲಿ, ಎಕ್ಸಾಸ್ಟ್ ಫ್ಯಾನ್ ಕೊಳ್ಳಲು ಹೊರಟ ಸಣ್ಣ ಕಾರ್ಖಾನೆಯ ಮಾಲೀಕರು ಅಂಗಡಿಯಲ್ಲಿ ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಎಷ್ಟು ಇಂಚು, ಎಷ್ಟು ರೇಟು? ನಿಮಿಷಕ್ಕೆ ಎಷ್ಟು ಗಾಳಿ ಎಳೆಯುತ್ತದೆ ಎಂದು ಕೇಳುವವರು ಅಪರೂಪ. ಎಳೆದ ಗಾಳಿಯ ಜಾಗಕ್ಕೆ ಹೊಸ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನಂತೂ ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಕೊನೆಗೆ ಗೋಡೆಯ ಮೇಲೆ ನಾಲ್ಕು ಫ್ಯಾನುಗಳು ಮೊರೆಯುತ್ತಿರುತ್ತವೆ, ಕೆಳಗೆ ಲೇತ್ ಮುಂದೆ ನಿಂತವನ ಬೆನ್ನು ಮಾತ್ರ ಬೆವರಲ್ಲಿ ನೆಂದೇ ಇರುತ್ತದೆ. ಕರೆಂಟ್ ಬಿಲ್ಲು ಏರಿದ್ದಷ್ಟೇ ಲಾಭ.

ಇಂಚಿನ ಲೆಕ್ಕ ಬಿಟ್ಟು ಗಾಳಿಯ ಲೆಕ್ಕದಿಂದ ಶುರುಮಾಡೋಣ. ಅದೇನೂ ಕಷ್ಟದ್ದಲ್ಲ. ಶೆಡ್ಡಿನ ಉದ್ದ, ಅಗಲ, ಎತ್ತರ ಗುಣಿಸಿದರೆ ಒಳಗಿರುವ ಗಾಳಿ ಎಷ್ಟೆಂದು ಸಿಗುತ್ತದೆ. 60 ಅಡಿ ಉದ್ದ, 40 ಅಡಿ ಅಗಲ, 20 ಅಡಿ ಎತ್ತರದ ಶೆಡ್ಡಿನಲ್ಲಿ 48,000 ಘನ ಅಡಿ. ಇಷ್ಟು ಗಾಳಿ ಗಂಟೆಗೆ ಎಷ್ಟು ಸಲ ಬದಲಾಗಬೇಕು ಎನ್ನುವುದು ಒಳಗೆ ನಡೆಯುವ ಕೆಲಸದ ಮೇಲೆ ನಿಂತಿದೆ. ಸಾಧಾರಣ ಜೋಡಣೆ, ಪ್ಯಾಕಿಂಗ್ ಕೆಲಸಕ್ಕೆ 8ರಿಂದ 10 ಸಲ ಎಂದು ಹಿಡಿಯುವುದು ವಾಡಿಕೆ. ಫೌಂಡ್ರಿ, ವೆಲ್ಡಿಂಗ್, ಬಾಯ್ಲರ್ ಕೋಣೆಗಳಿಗೆ 15ರಿಂದ 30. ನಮ್ಮ ಶೆಡ್ಡಿಗೆ 15 ಎಂದುಕೊಂಡರೆ ಗಂಟೆಗೆ 7,20,000 ಘನ ಅಡಿ, ಅಂದರೆ ನಿಮಿಷಕ್ಕೆ 12,000. ಫ್ಯಾನಿನ ವ್ಯಾಪಾರದಲ್ಲಿ ಸಿಎಫ್‌ಎಂ ಎನ್ನುವುದು ಇದನ್ನೇ. ಕೆಲವು ಕಂಪನಿಗಳ ಪಟ್ಟಿಯಲ್ಲಿ ಇದು ಗಂಟೆಗೆ ಇಷ್ಟು ಘನ ಮೀಟರ್ ಎಂದಿರುತ್ತದೆ. 12,000 ಸಿಎಫ್‌ಎಂ ಎಂದರೆ ಗಂಟೆಗೆ ಸುಮಾರು 20,400 ಘನ ಮೀಟರ್.

ಒಳಗೆ ಬಿಸಿ ಹುಟ್ಟಿಸುವ ಯಂತ್ರಗಳಿದ್ದರೆ ಇನ್ನೊಂದು ಲೆಕ್ಕವನ್ನೂ ಹಾಕಿ ನೋಡಬೇಕು. ಓವನ್, ಕಂಪ್ರೆಸರ್, ಮೋಟಾರ್ ಎಲ್ಲ ಸೇರಿ ಶೆಡ್ಡಿಗೆ ಬಿಡುವ ಬಿಸಿ ಎಷ್ಟು ವ್ಯಾಟ್ ಎಂದು ಅಂದಾಜು ಮಾಡಿ, ಮೂರರಿಂದ ಗುಣಿಸಿ, ಹೊರಗಿಗಿಂತ ಒಳಗೆ ಎಷ್ಟು ಡಿಗ್ರಿ ಹೆಚ್ಚಿದ್ದರೆ ನಡೆದೀತು ಎನ್ನುವ ಸಂಖ್ಯೆಯಿಂದ ಭಾಗಿಸಿ. ಗಂಟೆಗೆ ಬೇಕಾದ ಘನ ಮೀಟರ್ ಹೆಚ್ಚುಕಡಿಮೆ ಅಷ್ಟೇ. 10 ಕಿಲೋವ್ಯಾಟ್ ಬಿಸಿ, 5 ಡಿಗ್ರಿ ಏರಿಕೆ ಎಂದರೆ ಗಂಟೆಗೆ 6,000 ಘನ ಮೀಟರ್ ಗಾಳಿ ಬೇಕು. ಎರಡು ಲೆಕ್ಕಗಳಲ್ಲಿ ಯಾವುದು ದೊಡ್ಡದೋ ಅದನ್ನು ಹಿಡಿಯಬೇಕು. ಈ ಸೂತ್ರದಲ್ಲೇ ಒಂದು ಕಹಿ ಸತ್ಯವೂ ಇದೆ. ಎಷ್ಟೇ ಫ್ಯಾನ್ ಹಾಕಿದರೂ ಒಳಗಿನ ಶಾಖ ಹೊರಗಿನದಕ್ಕಿಂತ ಕೆಳಗೆ ಇಳಿಯುವುದಿಲ್ಲ. ರಾಯಚೂರಿನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಒಳಗೆ 35 ಮಾಡಿಕೊಡುತ್ತೇನೆ ಎಂದು ಬರೀ ಎಕ್ಸಾಸ್ಟ್ ಫ್ಯಾನ್ ಮಾರಲು ಬಂದವನನ್ನು ಚಹಾ ಕುಡಿಸಿ ಕಳಿಸಿಬಿಡಿ. ಅಲ್ಲಿ ಬೇಕಾದದ್ದು ಎದುರು ಗೋಡೆಯಲ್ಲಿ ನೀರು ಹರಿಯುವ ಕೂಲಿಂಗ್ ಪ್ಯಾಡ್, ಮೇಲೆ ಶೀಟಿನ ಕೆಳಗೆ ಶಾಖ ತಡೆಯುವ ಹೊದಿಕೆ. ಗಾರ್ಮೆಂಟ್ಸ್ ಘಟಕಗಳಲ್ಲಿ, ಕೋಳಿ ಫಾರಂಗಳಲ್ಲಿ ಪ್ಯಾಡ್ ಒಂದು ತುದಿಗೆ, ದೊಡ್ಡ ಫ್ಯಾನುಗಳು ಇನ್ನೊಂದು ತುದಿಗೆ ಇರುವುದನ್ನು ನೋಡಿರುತ್ತೀರಿ. ಅದೂ ಒಣ ಹವೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಮಂಗಳೂರಿನ ಮೇ ತಿಂಗಳ ಜಿಗುಟು ಸೆಕೆಗೆ ಪ್ಯಾಡ್ ಹಾಕಿದರೆ ಒಳಗೆ ಇನ್ನಷ್ಟು ತೇವ ತುಂಬುತ್ತದೆ, ಅಷ್ಟೆ.

12,000 ಸಿಎಫ್‌ಎಂ ಬೇಕು, ಪಟ್ಟಿಯಲ್ಲಿ 6,000 ಎಂದು ಬರೆದ ಫ್ಯಾನ್ ಎರಡು ತಂದರೆ ಮುಗಿಯಿತಲ್ಲ ಎನ್ನಿಸಬಹುದು. ಪಟ್ಟಿಯ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದೆ ಬಯಲಲ್ಲಿ ತಿರುಗುವ ಫ್ಯಾನಿನದು. ಗೋಡೆಗೆ ಕೂರಿಸಿ, ಹಿಂದೆ ಜಾಲರಿ, ಮುಂದೆ ಲೂವರ್, ಅದರಾಚೆ ಮಳೆಯ ಹುಡ್ ಹಾಕಿದ ಮೇಲೆ ಆ ಅಂಕಿ ಕುಸಿಯುತ್ತದೆ. ಅದಕ್ಕೇ ಒಳ್ಳೆಯ ಕಂಪನಿಗಳು ಪಟ್ಟಿಯ ಜೊತೆ ಒಂದು ಗ್ರಾಫ್ ಕೊಡುತ್ತವೆ: ಇಷ್ಟು ಮಿಲಿಮೀಟರ್ ನೀರಿನ ಒತ್ತಡಕ್ಕೆ ಇಷ್ಟು ಗಾಳಿ ಎಂದು. ಗ್ರಾಫ್ ಕೇಳಿದಾಗ ಅಂಗಡಿಯವನು ತಲೆ ಕೆರೆದುಕೊಂಡರೆ ಬೇರೆ ಕಂಪನಿಯ ಮಾಲು ನೋಡುವುದು ವಾಸಿ. ಗ್ರಾಫ್ ಸಿಗದಿದ್ದರೆ ಎರಡರ ಬದಲು ಮೂರು ಫ್ಯಾನ್ ಹಾಕಿ. ಒಂದು ಕೆಟ್ಟು ರಿಪೇರಿಗೆ ಹೋದಾಗಲೂ ಕೆಲಸ ನಿಲ್ಲುವುದಿಲ್ಲ.

ಒಳಬರುವ ದಾರಿ

ನಾನು ಕಂಡಂತೆ ಹೆಚ್ಚು ಶೆಡ್ಡುಗಳು ಸೋಲುವುದು ಇಲ್ಲಿಯೇ. 12,000 ಸಿಎಫ್‌ಎಂ ಹೊರಗೆ ಹೋಗಬೇಕಾದರೆ ಅಷ್ಟೇ ಗಾಳಿ ಒಳಗೆ ಬರಬೇಕು. ಒಳಬರುವ ಗಾಳಿಯ ವೇಗ ನಿಮಿಷಕ್ಕೆ 500 ಅಡಿ ದಾಟದಂತೆ ನೋಡಿಕೊಂಡರೆ ಸರಿ ಎನ್ನುವ ಲೆಕ್ಕ ಹಿಡಿದರೆ 24 ಚದರ ಅಡಿ ಬಾಯಿ ಬೇಕು. ಲೂವರ್ ಹಾಕಿದರೆ ಅದರ ಪಟ್ಟಿಗಳೇ ಸುಮಾರು ಅರ್ಧ ಜಾಗ ತಿನ್ನುತ್ತವೆ, ಆಗ 48 ಚದರ ಅಡಿ, ಅಂದರೆ 6 ಅಡಿಗೆ 4 ಅಡಿಯ ಎರಡು ಲೂವರ್. ಕಳ್ಳರ ಭಯ, ಧೂಳಿನ ಭಯಕ್ಕೆ ಕಿಟಕಿಗಳನ್ನೆಲ್ಲ ಶೀಟು ಬಡಿದು ಮುಚ್ಚಿದ ಶೆಡ್ಡಿನಲ್ಲಿ ಇಷ್ಟು ಬಾಯಿ ಎಲ್ಲಿದೆ? ಫ್ಯಾನ್ ತಿರುಗುತ್ತದೆ, ಮೊರೆತ ಜೋರಾಗುತ್ತದೆ, ಗಾಳಿ ಕದಲುವುದಿಲ್ಲ. ಪರೀಕ್ಷೆ ಸುಲಭ. ಫ್ಯಾನುಗಳೆಲ್ಲ ಓಡುತ್ತಿರುವಾಗ ಹೊರಕ್ಕೆ ತೆರೆಯುವ ಸಣ್ಣ ಬಾಗಿಲನ್ನು ತಳ್ಳಿ ನೋಡಿ. ಬಲ ಹಾಕಬೇಕಾದರೆ, ಬಿಟ್ಟಕೂಡಲೇ ಧಡಾರನೆ ಮುಚ್ಚಿಕೊಂಡರೆ, ಶೆಡ್ಡು ಉಸಿರಿಗೆ ಒದ್ದಾಡುತ್ತಿದೆ ಎಂದರ್ಥ. ಬಾಗಿಲು ತೆರೆದಿಟ್ಟಾಗ ಫ್ಯಾನಿನ ಸದ್ದೇ ಬದಲಾದರೂ ಅದೇ ಅರ್ಥ.

ಬಾಯಿ ಇದ್ದರೂ ತಪ್ಪು ಜಾಗದಲ್ಲಿದ್ದರೆ ಪ್ರಯೋಜನವಿಲ್ಲ. ಫ್ಯಾನಿನ ಪಕ್ಕದಲ್ಲೇ ಒಂದು ಕಿಟಕಿ ತೆರೆದಿದ್ದರೆ ಗಾಳಿ ಅಲ್ಲಿಂದ ನುಗ್ಗಿ ನೇರ ಫ್ಯಾನಿಗೇ ಹೋಗುತ್ತದೆ. ಮೂವತ್ತು ಅಡಿ ದೂರದಲ್ಲಿ ಗ್ರೈಂಡಿಂಗ್ ಮಾಡುವವನಿಗೆ ಅದರ ಗಂಧವೂ ಇಲ್ಲ. ಗಾಳಿ ಕೆಲಸಗಾರರು ನಿಲ್ಲುವ ಕಡೆ, ನೆಲದಿಂದ ಎರಡು-ಮೂರು ಅಡಿ ಎತ್ತರದಲ್ಲಿ ಒಳಬಂದು, ಅವರನ್ನು ದಾಟಿ, ಎದುರು ಗೋಡೆಯ ಮೇಲ್ಭಾಗದಿಂದ ಹೊರಹೋಗಬೇಕು. ಹೌದೋ ಅಲ್ಲವೋ ತಿಳಿಯಲು ಒಂದು ಊದುಬತ್ತಿ ಸಾಕು. ಉರಿಯುವ ವಸ್ತು, ಥಿನ್ನರ್, ಗ್ಯಾಸ್ ಏನೂ ಇಲ್ಲದ ಕಡೆ ಮಾತ್ರ ಹಚ್ಚಿಕೊಂಡು ಶೆಡ್ಡಿನ ನಡುವೆ ನಿಲ್ಲಿ. ಹೊಗೆಯ ಎಳೆ ನೇರ ಮೇಲೆದ್ದು ತಲೆಯ ಎತ್ತರಕ್ಕೆ ಬಂದು ಅಲ್ಲೇ ಸುರುಳಿ ಸುತ್ತಿಕೊಂಡು ನಿಂತರೆ ಆ ಜಾಗಕ್ಕೆ ಗಾಳಿ ಮುಟ್ಟುತ್ತಿಲ್ಲ. ಎಳೆ ಬಾಗಿ ಫ್ಯಾನಿನ ಕಡೆಗೆ ಹರಿದರೆ ಸರಿ. ಮೂಲೆ ಮೂಲೆಗೂ ಹೋಗಿ ನೋಡಿ. ಯಂತ್ರದ ಹಿಂದೆ, ಕಚ್ಚಾ ಮಾಲಿನ ರಾಶಿಯ ಮಗ್ಗುಲಲ್ಲಿ ಹೊಗೆ ನಿಂತೇ ಇರುವ ಜಾಗಗಳು ಸಿಕ್ಕೇ ಸಿಗುತ್ತವೆ.

ಮೇಲ್ಭಾಗದಿಂದ ಹೊರಹಾಕಬೇಕು ಎನ್ನುವುದು ಬಿಸಿಗಾಳಿಗೆ ಹೊಂದುವ ಮಾತು. ಪೇಂಟ್, ಥಿನ್ನರ್‌ಗಳ ಆವಿ ಗಾಳಿಗಿಂತ ಭಾರ, ಎಲ್‌ಪಿಜಿಯೂ ಭಾರ. ಅವು ನೆಲದ ಮಟ್ಟದಲ್ಲಿ ಹರಡುತ್ತವೆ. ಅಲ್ಲಿ ಎಳೆಯುವ ಬಾಯಿ ಕೆಳಗೂ ಇರಬೇಕು, ಮೋಟಾರ್ ಫ್ಲೇಮ್‌ಪ್ರೂಫ್ ಆಗಿರಬೇಕು, ರೆಕ್ಕೆ ರಿಂಗಿಗೆ ತಾಗಿದರೂ ಕಿಡಿ ಹಾರದ ಲೋಹದ್ದಾಗಿರಬೇಕು. ಇದರಲ್ಲಿ ಉಳಿತಾಯದ ಯೋಚನೆ ಬೇಡ. ಬ್ಯಾಟರಿ ಚಾರ್ಜ್ ಮಾಡುವ ಕೋಣೆಯಲ್ಲಿ ಹುಟ್ಟುವ ಹೈಡ್ರೋಜನ್ ತದ್ವಿರುದ್ಧ, ನೇರ ಸೂರಿಗೆ ಏರಿ ಅಲ್ಲೇ ಕೂರುತ್ತದೆ.

ಹೊಗೆ, ಧೂಳು ಒಂದೇ ಜಾಗದಲ್ಲಿ ಹುಟ್ಟುತ್ತಿದ್ದರೆ ಇಡೀ ಶೆಡ್ಡಿನ ಗಾಳಿ ಬದಲಿಸುವುದು ದುಬಾರಿ ದಾರಿ. ಹುಟ್ಟುವಲ್ಲೇ ಹುಡ್ ಇಟ್ಟು ಎಳೆಯಬೇಕು. ಆದರೆ ಎಳೆತಕ್ಕೆ ದೂರದ ಬಲವಿಲ್ಲ. ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು, ಅಷ್ಟೇ ದೂರದಿಂದ ಉಸಿರು ಎಳೆದುಕೊಂಡು ಆರಿಸಿ ನೋಡೋಣ! ಒಂದು ಚದರ ಅಡಿಯ ಬಾಯಿ ಒಂದು ಅಡಿ ದೂರದ ವೆಲ್ಡಿಂಗ್ ಹೊಗೆಯನ್ನು ಹಿಡಿಯಲು 1,100 ಸಿಎಫ್‌ಎಂ ಸಾಕಾದರೆ, ಅದೇ ಬಾಯನ್ನು ಎರಡು ಅಡಿಗೆ ಸರಿಸಿದಾಗ 4,100 ಬೇಕಾಗುತ್ತದೆ. ದೊಡ್ಡ ಬ್ಲೋವರ್ ಕೊಳ್ಳುವ ಮೊದಲು ಹುಡ್ಡನ್ನು ಒಂದಡಿ ಹತ್ತಿರ ತನ್ನಿ. ಪೈಪು, ಬೆಂಡು, ಫಿಲ್ಟರ್ ದಾಟಿ ಎಳೆಯಬೇಕಾದಾಗ ಗೋಡೆಯ ರೆಕ್ಕೆ ಫ್ಯಾನ್ ಸೋಲುತ್ತದೆ. ಅದು ನಾಲ್ಕಾರು ಮಿಲಿಮೀಟರ್ ಒತ್ತಡಕ್ಕೇ ಸುಸ್ತಾಗುತ್ತದೆ. ಅಲ್ಲಿ ಸೆಂಟ್ರಿಫ್ಯೂಗಲ್ ಬ್ಲೋವರ್ ಬೇಕು. ಹೋಟೆಲ್ ಅಡುಗೆಮನೆಯ ಚಿಮಣಿಗೂ ಇದೇ ಮಾತು. ಜೊತೆಗೆ ಜಿಡ್ಡಿನ ಬಿಸಿಗಾಳಿ ಮೋಟಾರಿನ ಮೇಲೆ ಹಾಯದಂತೆ ಅದನ್ನು ಪೈಪಿನ ಹೊರಗಿಟ್ಟು ಬೆಲ್ಟ್ ಹಾಕುವುದು ಒಳ್ಳೆಯದು.

ಸೂರಿನ ಮೇಲೆ ಗಾಳಿಗೆ ತಾನೇ ತಿರುಗುವ ಅಲ್ಯೂಮಿನಿಯಂ ಟರ್ಬೊ ವೆಂಟಿಲೇಟರ್‌ಗಳ ಬಗ್ಗೆ ಬಹಳ ಜನ ಕೇಳುತ್ತಾರೆ. ಕರೆಂಟ್ ಬೇಡ, ಶೀಟಿನ ಕೆಳಗೆ ಕೂತ ಬಿಸಿಗಾಳಿಗೆ ದಾರಿಯಂತೂ ಆಗುತ್ತದೆ. ಆದರೆ ಏಪ್ರಿಲ್ ಮಧ್ಯಾಹ್ನ ಎಲೆ ಅಲುಗದ ಹೊತ್ತಿನಲ್ಲಿ ಅದರ ಎಳೆತ ಅಲ್ಪ. ನಿಮಗೆ ಬೇಕಾದದ್ದು ಆ ಹೊತ್ತಿಗೇ. ಫ್ಯಾನಿನ ಜೊತೆಗೆ ಇರಲಿ, ಫ್ಯಾನಿನ ಬದಲಿಗೆ ಬೇಡ.

ಗೋಡೆಗೆ ಕೂರಿಸುವಾಗ

ಮೊದಲು ಯಾವ ಗೋಡೆ ಎಂದು ತೀರ್ಮಾನಿಸಬೇಕು. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಉಡುಪಿ, ಮಂಗಳೂರು, ಕಾರವಾರದ ಕಡೆ ಪಶ್ಚಿಮದ ಗೋಡೆಗೆ ಫ್ಯಾನ್ ಕೂರಿಸಿದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಎದುರುಗಾಳಿಯ ಜೊತೆ ಗುದ್ದಾಡಬೇಕು, ಮಳೆಯೂ ಒಳಗೆ ಸಿಡಿಯುತ್ತದೆ. ಪೂರ್ವದ ಗೋಡೆ ಸಿಕ್ಕರೆ ಒಳ್ಳೆಯದು. ಫ್ಯಾನಿನ ಮುಂದೆ ಪಕ್ಕದ ಕಾರ್ಖಾನೆಯ ಗೋಡೆ ಎರಡೇ ಅಡಿಯಲ್ಲಿ ನಿಂತಿದ್ದರೆ ಅಲ್ಲೂ ಬೇಡ. ನೀವು ಹೊರಗೆ ಬಿಟ್ಟದ್ದು ನೆರೆಯವರ ಕಿಟಕಿಗೋ ನಿಮ್ಮದೇ ಒಳಬಾಯಿಗೋ ಹೋಗಬಾರದು ಎನ್ನುವುದನ್ನು ಬೇರೆ ಹೇಳಬೇಕಿಲ್ಲ.

ಇಟ್ಟಿಗೆ ಅಥವಾ ಸಾಲಿಡ್ ಬ್ಲಾಕಿನ ಗೋಡೆಯಾದರೆ ಮೇಲೆ ಲಿಂಟಲ್ ಇರುವಂತೆ ಬಾಯಿ ಬಿಡಿಸಿ, ಆಂಗಲ್ ಫ್ರೇಮ್ ಕೂರಿಸಿ, ಹೋಲ್ಡ್‌ಫಾಸ್ಟನ್ನು ಕಾಂಕ್ರೀಟಿನಲ್ಲಿ ಹೂಳಿಸಿ. ಫ್ಯಾನನ್ನು ನೇರ ಇಟ್ಟಿಗೆಗೆ ಬೋಲ್ಟ್ ಹಾಕಿ ನಿಲ್ಲಿಸಿದರೆ ಅದರ ನಡುಕಕ್ಕೆ ಒಂದೆರಡು ವರ್ಷದಲ್ಲಿ ಗಾರೆ ಪುಡಿಯಾಗಿ ಬೋಲ್ಟು ಸಡಿಲಾಗುತ್ತದೆ. ಶೀಟಿನ ಗೋಡೆಯಾದರೆ ಶೀಟಿಗೆ ಭಾರ ಬೀಳಲೇಬಾರದು. ಎರಡು ಕಂಬಗಳ ನಡುವೆ ಚಾನೆಲ್ ಬೆಸೆದು ಅದಕ್ಕೆ ಫ್ರೇಮ್ ಕಟ್ಟಬೇಕು. ಫ್ರೇಮಿಗೂ ರಿಂಗಿಗೂ ನಡುವೆ ರಬ್ಬರ್ ಪ್ಯಾಡ್ ಇರಲಿ. ರಸಮಟ್ಟ ಇಟ್ಟು ಶಾಫ್ಟ್ ಮಟ್ಟವಾಗಿದೆಯೇ ನೋಡಿ. ಓರೆಯಾಗಿ ಕೂತ ಫ್ಯಾನಿನ ಒಂದು ಬದಿಯ ಬೇರಿಂಗ್ ಬೇಗ ಸವೆಯುತ್ತದೆ. ನಾಲ್ಕು ಬೋಲ್ಟುಗಳನ್ನು ಒಂದೇ ಸಲ ಬಿಗಿಯಬೇಡಿ. ಎದುರು-ಬದುರಿನವನ್ನು ಸ್ವಲ್ಪ ಸ್ವಲ್ಪ ಬಿಗಿಯುತ್ತಾ, ಒಂದೊಂದು ಸಲವೂ ರೆಕ್ಕೆಯನ್ನು ಕೈಯಿಂದ ನಿಧಾನ ತಿರುಗಿಸಿ, ರೆಕ್ಕೆಯ ತುದಿಗೂ ರಿಂಗಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ನೋಡಬೇಕು. ಫ್ರೇಮ್ ಒಂಚೂರು ಸೊಟ್ಟಗಿದ್ದರೂ ಬಿಗಿದಾಗ ರಿಂಗ್ ಅಂಡಾಕಾರವಾಗಿ ಎಳೆದುಕೊಳ್ಳುತ್ತದೆ, ಒಂದು ಕಡೆ ರೆಕ್ಕೆ ತಾಗುತ್ತದೆ. ಆಗ ಬೋಲ್ಟ್ ಸಡಿಲಿಸಿ ತೆಳು ತಗಡಿನ ಪಟ್ಟಿ ಇಟ್ಟು ಸರಿಮಾಡುವುದೇ ದಾರಿ. ಸುತ್ತಿಗೆ ತೆಗೆದುಕೊಳ್ಳುವ ಫಿಟ್ಟರ್‌ಗೆ ಬೇಡ ಎನ್ನಿ.

ಹೊರಗಡೆ ಗಾಳಿಯ ಒತ್ತಡಕ್ಕೆ ತಾನೇ ತೆರೆದು, ಫ್ಯಾನ್ ನಿಂತಾಗ ಮುಚ್ಚಿಕೊಳ್ಳುವ ಲೂವರ್ ಹಾಕಿದರೆ ಮಳೆ, ಪಾರಿವಾಳ ಎರಡನ್ನೂ ತಡೆಯಬಹುದು. ಒಳಗಡೆ ಕೈ ಎಟಕುವ ಎತ್ತರವಾದರೆ ಗಟ್ಟಿ ಜಾಲರಿ ಇರಲೇಬೇಕು. ಒರೆಸಲು ಬರುವವನಿಗೆ ನಿಲ್ಲಲು ಜಾಗ, ಏಣಿಗೆ ಆಧಾರ ಇದೆಯೇ ಎಂದು ಕೂರಿಸುವ ದಿನವೇ ಯೋಚಿಸಿ. ಕೈಗೆ ಸಿಗದ ಫ್ಯಾನನ್ನು ಯಾರೂ ಒರೆಸುವುದಿಲ್ಲ.

ವೈರಿಂಗಿನಲ್ಲಿ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕು, ಮೂರು ಫೇಸ್ ಮೋಟಾರಿನ ಮೈಗೆ ಎರಡು ಪ್ರತ್ಯೇಕ ಅರ್ಥಿಂಗ್ ಬೇಕು. ಪ್ರತಿ ಫ್ಯಾನಿಗೂ ಅದರದೇ ಓವರ್‌ಲೋಡ್ ರಿಲೇ ಇರುವ ಸ್ಟಾರ್ಟರ್, ಕಣ್ಣಿಗೆ ಕಾಣುವ ದೂರದಲ್ಲಿ ಬೀಗ ಹಾಕಲಾಗುವ ಸ್ವಿಚ್ ಇರಲಿ. ಮೂರರಲ್ಲಿ ಒಂದು ಫೇಸ್ ಹೋದಾಗ ಓಡುತ್ತಿರುವ ಮೋಟಾರ್ ಗುಂಯ್‌ಗುಡುತ್ತಾ ಓಡುತ್ತಲೇ ಇದ್ದು ಕೊನೆಗೆ ಸುಟ್ಟುಹೋಗುತ್ತದೆ. ಹಳ್ಳಿಯ ಪಂಪ್‌ಸೆಟ್ಟಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅವರು ಹಾಕಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇಲ್ಲಿಗೂ ಬೇಕು.

ಫ್ಯಾನ್ ಶುರುಮಾಡಿದ ಮೇಲೆ ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ನೋಡುವುದನ್ನು ಮರೆಯುವವರೇ ಹೆಚ್ಚು. ಮೂರು ಫೇಸಿನಲ್ಲಿ ಎರಡು ವೈರ್ ಅದಲುಬದಲಾದರೆ ಮೋಟಾರ್ ಹಿಮ್ಮುಖ ತಿರುಗುತ್ತದೆ. ಗೋಡೆಯ ಫ್ಯಾನ್ ಆದರೆ ಹೊರಗಿನ ಗಾಳಿಯನ್ನು ಒಳಗೆ ನೂಕುತ್ತದೆ, ಗೊತ್ತಾಗುತ್ತದೆ. ಸೆಂಟ್ರಿಫ್ಯೂಗಲ್ ಬ್ಲೋವರ್ ಮೋಸಗಾರ: ಹಿಮ್ಮುಖ ತಿರುಗಿದರೂ ಗಾಳಿ ಬರುವುದು ಸರಿಯಾದ ಕಡೆಯಿಂದಲೇ, ಆದರೆ ತೀರಾ ಕಡಿಮೆ. ಹಾಗೇ ಓಡಿಸುತ್ತಾ ಬ್ಲೋವರೇ ಸಣ್ಣದಾಯಿತು ಎಂದುಕೊಳ್ಳುವವರುಂಟು. ಮೈಮೇಲೆ ಬರೆದ ಬಾಣದ ಗುರುತಿಗೆ ಹೋಲಿಸಿ ನೋಡಿ. ಬೀದಿಯ ಲೈನಿನಲ್ಲಿ, ಟ್ರಾನ್ಸ್‌ಫಾರ್ಮರಿನಲ್ಲಿ ಕೆಲಸ ನಡೆದ ಮರುದಿನವೂ ಒಮ್ಮೆ ನೋಡಿ. ಗೋಡೆಯ ಫ್ಯಾನಿಗೆ ನ್ಯೂಸ್‌ಪೇಪರಿನ ಹಾಳೆ ಸಾಕು. ಒಳಗಿನ ಜಾಲರಿಗೆ ಒಡ್ಡಿದರೆ ಅಂಟಿಕೊಂಡು ನಿಲ್ಲಬೇಕು.

ಎಲ್ಲ ಸರಿಯಾಗಿ ಓಡುತ್ತಿರುವ ಮೊದಲ ದಿನ ಕ್ಲಾಂಪ್ ಮೀಟರ್ ಹಾಕಿಸಿ, ಎಷ್ಟು ಆಂಪಿಯರ್ ಎಂದು ಮೋಟಾರಿನ ಮೇಲೆಯೇ ಪೇಂಟಿನಲ್ಲಿ ಬರೆಸಿ, ತಾರೀಖು ಹಾಕಿಸಿ. ಮುಂದಿನ ತಪಾಸಣೆಗೆಲ್ಲ ಅದೇ ಅಳತೆಗೋಲು. ಗೋಡೆಯ ಫ್ಯಾನಿನ ಆಂಪಿಯರ್ ಏರಿದರೆ ಎಲ್ಲೋ ದಾರಿ ಕಟ್ಟಿದೆ ಅಥವಾ ಬೇರಿಂಗ್ ಹಿಡಿಯುತ್ತಿದೆ. ಬ್ಲೋವರಿನಲ್ಲಿ ಉಲ್ಟಾ, ಫಿಲ್ಟರೋ ಪೈಪೋ ಕಟ್ಟಿಕೊಂಡಾಗ ಆಂಪಿಯರ್ ಇಳಿಯುತ್ತದೆ. ಕಡಿಮೆ ಎಳೆಯುತ್ತಿದೆ, ಉಳಿತಾಯ ಎಂದು ಸಂತೋಷಪಡುವ ಹಾಗಿಲ್ಲ.

ಒರೆಸುವುದು, ಕೇಳಿಸಿಕೊಳ್ಳುವುದು

ನಿರ್ವಹಣೆಯಲ್ಲಿ ಮುಕ್ಕಾಲು ಪಾಲು ಒರೆಸುವ ಕೆಲಸ. ಎಣ್ಣೆಯ ಮಂಜು, ಹತ್ತಿಯ ಜುಂಗು, ಗ್ರೈಂಡಿಂಗ್ ಧೂಳು ಸೇರಿ ರೆಕ್ಕೆಯ ಮುಂಚೂಣಿ ಅಂಚಿನಲ್ಲಿ ಉಗುರಿನಷ್ಟು ದಪ್ಪದ ಕಪ್ಪು ಹಕ್ಕಳೆ ಕಟ್ಟುತ್ತದೆ. ರೆಕ್ಕೆಯ ಆಕಾರ ಕೆಟ್ಟು ಎಳೆತ ಕಡಿಮೆಯಾಗುವುದು ಒಂದು ನಷ್ಟ. ಹಕ್ಕಳೆ ಒಂದು ರೆಕ್ಕೆಯಿಂದ ಉದುರಿ ಉಳಿದವುಗಳಲ್ಲಿ ಉಳಿದುಕೊಂಡಾಗ ತೂಕ ತಪ್ಪಿ ಇಡೀ ಫ್ಯಾನ್ ನಡುಗಲು ಶುರುವಾಗುವುದು ದೊಡ್ಡ ನಷ್ಟ. ಆದ್ದರಿಂದ ಒರೆಸಿದರೆ ಎಲ್ಲ ರೆಕ್ಕೆಗಳನ್ನೂ ಒರೆಸಬೇಕು, ಹಿಂಭಾಗ ಸೇರಿಸಿ. ಮರದ ಚಕ್ಕೆಯಿಂದ ಕೆರೆದು ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪ್ರೆಷರ್ ಪಂಪಿನಿಂದ ಮೋಟಾರಿಗೆ ನೀರು ಹಾರಿಸಬೇಡಿ. ಲೂವರಿನ ಪಟ್ಟಿಗಳ ಸಂದಿನಲ್ಲಿ ಜಿಡ್ಡು ಹಿಡಿದು ಅರ್ಧವೇ ತೆರೆಯುತ್ತಿರುತ್ತವೆ, ಅವನ್ನೂ ನೋಡಿ. ಹೋಟೆಲಿನವರು ಹುಡ್ಡಿನ ಫಿಲ್ಟರನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಆಗಾಗ ತೊಳೆಯದಿದ್ದರೆ ಪೈಪಿನೊಳಗೆ ಕೂತ ಜಿಡ್ಡಿಗೆ ಒಲೆಯ ಒಂದು ಜ್ವಾಲೆ ತಾಗಿದರೆ ಸಾಕು, ಬೆಂಕಿ ಸೂರಿನವರೆಗೆ ಓಡುತ್ತದೆ.

ಏಣಿ ಹತ್ತುವ ಮುನ್ನ ಸ್ವಿಚ್ ಆರಿಸಿ, ಬೀಗ ಹಾಕಿ, ಕೀಲಿಯನ್ನು ಹತ್ತುವವನೇ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಟೈಮರ್ ಅಥವಾ ಥರ್ಮೋಸ್ಟಾಟ್ ಇರುವ ಫ್ಯಾನ್ ಯಾರೂ ಮುಟ್ಟದೆಯೂ ಶುರುವಾಗಬಲ್ಲದು. ಕರೆಂಟ್ ಇಲ್ಲದಿದ್ದರೂ ಹೊರಗಿನ ಗಾಳಿಗೆ ರೆಕ್ಕೆ ತಿರುಗುತ್ತದೆ, ಬೆರಳು ಕತ್ತರಿಸುವಷ್ಟು ಬಲದಿಂದಲೇ ತಿರುಗುತ್ತದೆ. ಕೈ ಹಾಕುವ ಮೊದಲು ಒಂದು ಹಗ್ಗದಿಂದ ರೆಕ್ಕೆಯನ್ನು ರಿಂಗಿಗೆ ಕಟ್ಟಿ. ಸಿಂಗಲ್ ಫೇಸ್ ಫ್ಯಾನ್ ನಿಧಾನವಾದರೆ, ಕೈಯಿಂದ ತಳ್ಳಿದರೆ ಮಾತ್ರ ಹೊರಟರೆ, ಹೆಚ್ಚಾಗಿ ಕೆಪಾಸಿಟರ್ ಸೋತಿರುತ್ತದೆ. ಬದಲಿಸುವವನು ಅದರಲ್ಲಿ ಉಳಿದ ಚಾರ್ಜನ್ನು ಇಳಿಸಿಯೇ ಮುಟ್ಟಬೇಕು.

ಬೇರಿಂಗ್ ವಿಷಯಕ್ಕೆ ಬಂದರೆ, ಸಣ್ಣ ಮೋಟಾರುಗಳಲ್ಲಿ ಎರಡೂ ಬದಿ ಮುಚ್ಚಿದ ಬೇರಿಂಗ್ ಇರುತ್ತದೆ, ಅದಕ್ಕೆ ಗ್ರೀಸ್ ಬೇಕಿಲ್ಲ, ಹೋಗುವುದೂ ಇಲ್ಲ. ನಿಪ್ಪಲ್ ಇರುವ ದೊಡ್ಡ ಫ್ಯಾನುಗಳಿಗೆ ಹಾಕಬೇಕು, ಆದರೆ ಅಳತೆಯಲ್ಲಿ. ತುಂಬಿ ತುಳುಕುವಂತೆ ಹಾಕಿದರೆ ಬೇರಿಂಗ್ ಬಿಸಿಯಾಗಿ ಗ್ರೀಸ್ ಕರಗಿ ಮೋಟಾರಿನ ಒಳಗೆ ಇಳಿಯುತ್ತದೆ. ಒಂದು ಜಾತಿಯ ಗ್ರೀಸಿಗೆ ಇನ್ನೊಂದನ್ನು ಬೆರೆಸಬೇಡಿ. ಹಳೆಯ ಫಿಟ್ಟರುಗಳು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಹಿಡಿದು ಕೇಳುತ್ತಾರೆ. ಒಂದೇ ಸಮ ಗುಂಯ್ ಎಂದರೆ ಚೆನ್ನಾಗಿದೆ, ಮರಳು ಅರೆದ ಹಾಗೆ ಕರಕರ ಎಂದರೆ ಬದಲಿಸುವ ಕಾಲ ಬಂದಿದೆ. ತಿರುಗುವ ಭಾಗದಿಂದ ತೋಳು, ಟವೆಲ್ಲು ದೂರವಿದ್ದರೆ ಇದಕ್ಕಿಂತ ಅಗ್ಗದ ಉಪಕರಣ ಇಲ್ಲ. ಬೆಲ್ಟ್ ಫ್ಯಾನುಗಳಲ್ಲಿ ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ಸಾಲು ನೋಡಿ. ಎರಡು-ಮೂರು ಬೆಲ್ಟ್ ಇರುವಲ್ಲಿ ಒಂದು ಹರಿದರೂ ಎಲ್ಲವನ್ನೂ ಬದಲಿಸಿ. ಹಳೆಯದು ಜಗ್ಗಿರುತ್ತದೆ, ಹೊಸದೊಂದೇ ಭಾರ ಹೊತ್ತು ಬೇಗ ಹರಿಯುತ್ತದೆ.

ಕರೆಂಟ್ ಉಳಿಸಬೇಕೆನ್ನುವವರಿಗೆ ಫ್ಯಾನಿನ ಲೆಕ್ಕ ಬಹಳ ಉದಾರಿ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ಗಾಳಿಯೂ ಶೇ. 80 ಆಗುತ್ತದೆ, ಆದರೆ ಬೇಕಾಗುವ ಶಕ್ತಿ ಶೇ. 51ಕ್ಕೆ ಇಳಿಯುತ್ತದೆ. ದೊಡ್ಡ ಬ್ಲೋವರ್ ರಾತ್ರಿ ಪಾಳಿಯಲ್ಲಿ ಪೂರ್ತಿ ಓಡಬೇಕಿಲ್ಲದಿದ್ದರೆ ಮೋಟಾರಿನ ವೇಗ ಬದಲಿಸುವ ವಿಎಫ್‌ಡಿ ಹಾಕಿಸಿದ ಖರ್ಚು ವಾಪಸು ಬರುತ್ತದೆ. ಸಣ್ಣ ಗೋಡೆ ಫ್ಯಾನುಗಳಿಗೆ ಅಷ್ಟೆಲ್ಲ ಬೇಡ, ಮೂರರಲ್ಲಿ ಒಂದನ್ನು ಆರಿಸಿದರಾಯಿತು.

ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಮೋಟಾರನ್ನು, ಇನ್ಸುಲೇಶನ್ ಅಳೆಯುವ ಮೆಗ್ಗರ್ ಹಾಕಿಸದೆ ಚಾಲೂ ಮಾಡಬೇಡಿ. ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಒಣಗಿಸಿ, ಮತ್ತೆ ಅಳೆಸಿ. ಸುಟ್ಟ ಮೋಟಾರನ್ನು ರೀವೈಂಡಿಂಗ್ ಮಾಡಿಸುವುದು ನಮ್ಮಲ್ಲಿ ರೂಢಿ. ಒಳ್ಳೆಯ ಕೈಯಲ್ಲಿ ಒಮ್ಮೆ ಮಾಡಿಸಬಹುದು, ಅದೇ ಮೋಟಾರ್ ಮತ್ತೆ ಸುಟ್ಟರೆ ಮೊದಲು ಯಾಕೆ ಸುಡುತ್ತಿದೆ ಎಂದು ಹುಡುಕಿ, ಆಮೇಲೆ ಹೊಸದು ಕೊಳ್ಳಿ. ರೆಕ್ಕೆಯ ಬುಡದಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದಕ್ಕೆ ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕುವವರೂ ಇದ್ದಾರೆ. ನಿಮಿಷಕ್ಕೆ 1,440 ಸುತ್ತು ತಿರುಗುವಾಗ ಆ ರೆಕ್ಕೆ ಕಿತ್ತು ಬಂದರೆ ಜಾಲರಿ ಅದನ್ನು ತಡೆಯುತ್ತದೆ ಎಂದು ನಂಬುವಂತಿಲ್ಲ. ಆ ಫ್ಯಾನನ್ನು ಆ ಕ್ಷಣವೇ ನಿಲ್ಲಿಸಿ, ಅದೇ ಕಂಪನಿಯ ಅದೇ ಅಳತೆಯ ರೆಕ್ಕೆಗಳ ಪೂರ್ತಿ ಜೋಡಿಯನ್ನೇ ತರಿಸಿ ಹಾಕಿಸಿ.